ಮಾವ ಕೂರಿಸಿದ ಬಾಯ್ಲರ್

ಎಮಿಲ್ ಮರುಶಾಕನ ಮನೆಯ ಪೈಪುಗಳು ಬಡಿದುಕೊಳ್ಳತೊಡಗಿದ್ದು ಜನವರಿಯ ಚಳಿ ಹೊಸಿಲು ದಾಟಿ ಒಳಗೆ ಬಂದ ವಾರ. ಮೊದಲು ಎಲ್ಲೋ ಪಕ್ಕದ ಬೀದಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿರುವಂತೆ ಕೇಳಿಸಿತು. ಮಾರನೆಯ ದಿನ ಅದು ಊಟದ ಕೋಣೆಯ ಗೋಡೆಯೊಳಕ್ಕೆ ಬಂತು. ಗುರುವಾರದ ಹೊತ್ತಿಗೆ ಇಡೀ ಮನೆಯೇ ಕಮ್ಮಾರನ ಕುಲುಮೆಯಾಗಿತ್ತು. ಇಷ್ಟು ಗದ್ದಲ ಮಾಡಿಯೂ ಮಾಳಿಗೆಯ ಕೋಣೆಗಳನ್ನು ಬಿಸಿ ಮಾಡಬೇಕಾದ ರೇಡಿಯೇಟರುಗಳು ತಣ್ಣಗೆ ಸತ್ತ ಮೀನಿನಂತಿದ್ದವು.

ಹಿಮ ಬೀಳುವ ಯುಟಿಕಾದಂಥ ಊರಿನಲ್ಲಿ ಹಬೆಯಿಂದ ಬೆಚ್ಚಗಾಗುವ ಹಳೇ ಮನೆಗಳಿಗೇನೂ ಕೊರತೆಯಿಲ್ಲ. ನೆಲಮಾಳಿಗೆಯಲ್ಲಿ ಬಾಯ್ಲರ್ ಕುದಿಯಬೇಕು, ಹಬೆ ಪೈಪು ಹತ್ತಬೇಕು, ಮೇಲೆ ಮನುಷ್ಯರು ಬನಿಯನ್ನಿನಲ್ಲಿ ಓಡಾಡಬೇಕು. ಎಮಿಲ್ ಕೋಟು ತೊಟ್ಟುಕೊಂಡೇ ಸೂಪು ಕುಡಿದು ಕೆಳಗಿಳಿದ. ಬಾಯ್ಲರಿನ ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಎಷ್ಟಿದೆಯೆಂದು ಕಾಣುತ್ತದೆ. ಅವತ್ತು ಅಲ್ಲಿದ್ದದ್ದು ನೀರಲ್ಲ, ಕಾಫಿಯ ಗಸಿ. ಅದೂ ಸುಮ್ಮನೆ ನಿಂತಿರಲಿಲ್ಲ. ಕೊಳವೆಯ ಬುಡದಿಂದ ತುದಿಗೆ ಹಾರುತ್ತಿತ್ತು, ಬೀಳುತ್ತಿತ್ತು.

ಎಮಿಲನಿಗೆ ಐವತ್ತೆರಡು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಊರಿನ ಅರ್ಧ ಮುದುಕರು ಅವನು ಕಟ್ಟಿಕೊಟ್ಟ ಹಲ್ಲಿನಲ್ಲಿ ನಗುತ್ತಿದ್ದರು. ಇಷ್ಟು ಜನಕ್ಕೆ ಬಾಯಿ ಮಾಡಿಕೊಟ್ಟ ಮನುಷ್ಯ ತಾನು ಮಾತ್ರ ಬಾಯಿ ಬಿಡುವವನಲ್ಲ. ಮಕ್ಕಳಿರಲಿಲ್ಲ. ಹೆಂಡತಿ ರೊಸಾಲ್ಬಾ ಹಿಂದಿನ ವರ್ಷದ ಮಾರ್ಚಿನಲ್ಲಿ, ಹಿಮ ಕರಗುವ ಮೊದಲೇ, ಅರ್ಧ ಸಾಮಾನು ಕಟ್ಟಿಕೊಂಡು ಹೊರಟಿದ್ದಳು. ಆ ಬಳಿಕ ವಿಚ್ಛೇದನವೂ ಆಗಿತ್ತು. ಜಗಳವಿಲ್ಲ, ಕೂಗಾಟವಿಲ್ಲ. ಅಂಗಡಿ ಮುಚ್ಚಿದ ಹಾಗೆ ಮುಚ್ಚಿ ಹೋಗಿತ್ತು ಅವರ ಸಂಸಾರ.

ಬಾಯ್ಲರ್ ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳ ಅಪ್ಪ ನುಂಜಿಯೊ ಫುಸಾರೊ ಹಬೆಯ ಪೈಪು ಜೋಡಿಸುವ ಕಸುಬಿನವನು. ಮಗಳ ಮದುವೆಗೆ ಉಡುಗೊರೆಯೆಂದು ಈ ಬಾಯ್ಲರನ್ನು ತನ್ನ ಜೊತೆಗಾರರೊಂದಿಗೆ ಹೊತ್ತು ತಂದು ಕೂರಿಸಿದವನೂ ಅವನೇ. ಬೇರೆಯವರ ಮಗಳಿಗೆ ಬೆಳ್ಳಿ ತಟ್ಟೆ, ನನಗೆ ಕಬ್ಬಿಣದ ಆನೆ ಎಂದು ರೊಸಾಲ್ಬಾ ನಗುತ್ತಿದ್ದಳು.

ಎಮಿಲ್ ಮೂರು ಕಡೆ ಫೋನು ಮಾಡಿದ. ಚಳಿಗೆ ಊರಿನ ಪೈಪುಗಳೆಲ್ಲ ಒಡೆದಿದ್ದರಿಂದ ರಿಪೇರಿಯವರು ಮುಂದಿನ ವಾರಕ್ಕಿಂತ ಮೊದಲು ಬರುವುದಿಲ್ಲ ಎಂದರು. ಕೊನೆಗೆ ಅವನ ಬೆರಳು, ಬೇಡ ಬೇಡ ಎನ್ನುತ್ತಲೇ, ಬಾಯಿಪಾಠವಾಗಿದ್ದ ಇನ್ನೊಂದು ನಂಬರನ್ನು ಒತ್ತಿತು.

“ಮಾವಾ... ನಾನು, ಎಮಿಲ್.”

ಆ ಕಡೆ ಟೀವಿಯ ಸದ್ದು ಕಡಿಮೆಯಾಯಿತು. “ಯಾವ ಎಮಿಲ್?”

“ನಿಮಗೆ ಎಷ್ಟು ಜನ ಎಮಿಲ್ ಗೊತ್ತು?”

“ಒಬ್ಬ ಗೊತ್ತಿದ್ದ. ಸತ್ತಿದಾನೋ ಬದುಕಿದಾನೋ, ಒಂದು ಸುದ್ದಿ ಇಲ್ಲ.”

“ಬದುಕಿದೀನಿ. ಬಾಯ್ಲರ್ ಸಾಯ್ತಾ ಇದೆ.”

ಮುದುಕನ ದನಿ ಒಮ್ಮೆಲೇ ನೆಟ್ಟಗಾಯಿತು. “ಏನಾಯ್ತು? ಕೊಳವೇಲಿ ನೀರು ಹೇಗಿದೆ?”

“ಕುಣೀತಾ ಇದೆ. ಕಾಫಿ ಬಣ್ಣ.”

“ಹಾಲು ಹಾಕಿದ್ದೋ, ಹಾಕ್ದೇ ಇದ್ದಿದ್ದೋ?”

“ಹಾಕ್ದೇ ಇದ್ದಿದ್ದು.”

“ಶನಿವಾರ ಶನಿವಾರ ಕೆಳಗಿನ ವಾಲ್ವು ತಿರುಗಿಸಿ ಬಕೆಟ್‌ಗೆ ನೀರು ಬಿಡ್ತಿದೀಯಾ?”

ಎಮಿಲ್ ಫೋನಿನ ವೈರನ್ನು ಬೆರಳಿಗೆ ಸುತ್ತಿದ.

“ನಿನ್ನನ್ನೇ ಕೇಳ್ತಿರೋದು.”

“ಅದು ರೊಸಾಲ್ಬಾ ಮಾಡ್ತಿದ್ಳು.”

ಆ ಕಡೆ ಟೀವಿಯ ಸದ್ದು ಪೂರ್ತಿ ನಿಂತಿತು. ಆಮೇಲೆ ನುಂಜಿಯೊ ಹೇಳಿದ: “ಅಂದ್ರೆ ಹತ್ತು ತಿಂಗಳಿಂದ ಆ ಬಡಪಾಯಿ ತನ್ನ ಹೊಲಸನ್ನ ತಾನೇ ಕುಡ್ಕೊಂಡು ಬಿದ್ದಿದೆ. ಪೂರ್ತಿ ಆರಿಸಬೇಡ, ಪೈಪು ಹೆಪ್ಪುಗಟ್ಟಿ ಒಡೆಯುತ್ತೆ. ಸಣ್ಣಕೆ ಇಟ್ಟಿರು. ಶನಿವಾರ ಬೆಳಿಗ್ಗೆ ಬರ್ತೀನಿ.”

ಶನಿವಾರ ಅವನು ಬಂದ. ಎಂಬತ್ತರ ಹತ್ತಿರದ ಮುದುಕ, ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಸಲಕರಣೆಯ ಚೀಲ. ಕದ ತಟ್ಟದೆ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದು ಬೂಟಿನ ಹಿಮ ಕೊಡವಿದ. ಅಡುಗೆಮನೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದ. ಮೇಜಿಗೆ ಎರಡೇ ಕುರ್ಚಿಗಳು ಉಳಿದಿದ್ದವು. ಗೋಡೆಯಲ್ಲಿ ನುಂಜಿಯೊನ ಹೆಂಡತಿಯ ಕಾಲದ ತಾಮ್ರದ ಬಾಣಲೆ ನೇತಾಡುತ್ತಿದ್ದ ಕಡೆ ಬಣ್ಣ ಮಾಸದ ಒಂದು ದುಂಡನೆಯ ಗುರುತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಎಮಿಲ್ ನೋಡಿದ.

“ಕಾಫಿ ಮಾಡ್ಲಾ ಮಾವಾ?”

“ಬಾಯ್ಲರಿನಲ್ಲಿರೋದೇ ಸಾಕು. ನಡಿ.”

ಕೆಳಗಿಳಿಯುವಾಗ ನುಂಜಿಯೊ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದ. ಹಿಂದೆಲ್ಲ ಇದೇ ಮೆಟ್ಟಿಲುಗಳನ್ನು ಅವನು ಹಾಡು ಗುನುಗುತ್ತ ಇಳಿಯುತ್ತಿದ್ದ. ಬಾಯ್ಲರಿನ ಮುಂದೆ ನಿಂತವನು, ಕಾಯಿಲೆ ಬಿದ್ದ ಹಸುವನ್ನು ನೋಡುವಂತೆ ಅದರ ಮೈ ಮೇಲೆ ಅಂಗೈ ಆನಿಸಿ ನಿಂತ.

“ಬಕೆಟ್ ತಗೊಂಡು ಬಾ. ಒಂದಲ್ಲ, ಇರೋದೆಲ್ಲ.”

ಬುಡದ ವಾಲ್ವು ತಿರುಗಿಸಿದೊಡನೆ ಮೊದಲು ಒಂದು ಉಸಿರು, ಆಮೇಲೆ ಗೊರಗೊರ ಸದ್ದು, ಆಮೇಲೆ ಕಪ್ಪು ಕೆಸರು ಬಂತು. ತುಕ್ಕಿನ ಚೂರುಗಳು ಬಕೆಟಿನ ತಳಕ್ಕೆ ಟಣ್ ಟಣ್ ಎಂದು ಬಿದ್ದವು. ಎಮಿಲ್ ಒಂದೊಂದೇ ಬಕೆಟ್ಟನ್ನು ಎತ್ತಿ ಮೂಲೆಯ ಮೋರಿಗೆ ಸುರಿದ. ಬಿಸಿ ಆವಿಗೆ ಅವನ ಕನ್ನಡಕ ಮಬ್ಬಾಯಿತು.

“ಏನ್ ಅಳಿಯಂದ್ರೇ,” ಎಂದ ನುಂಜಿಯೊ, “ಹಲ್ಲಿನ ಸಂದೀಲಿ ಒಂದು ಕೂದಲು ಸಿಕ್ಕಿದ್ರೂ ನಿಮಗೆ ಕಾಣುತ್ತೆ. ಇಷ್ಟು ಕೆಸರು ಕಾಣಲಿಲ್ವಾ?”

“ನಾನು ಕೆಳಗೆ ಬರ್ತಾನೇ ಇರ್ಲಿಲ್ಲ ಮಾವ.”

“ಅದೂ ಗೊತ್ತು ನಂಗೆ.”

ಕೆಸರು ತಿಳಿಯಾಗಿ ಚಹಾದ ಬಣ್ಣಕ್ಕೆ ಬಂದರೂ ನುಂಜಿಯೊನ ಹುಬ್ಬು ಗಂಟು ಬಿಚ್ಚಲಿಲ್ಲ. ಬಾಯ್ಲರಿಗೆ ಹೊಸ ನೀರು ತುಂಬಿಸಿ ಬಿಸಿಗಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅದರ ನೀರನ್ನೇ ಒಂದು ಪಾತ್ರೆಯಲ್ಲಿ ಹಿಡಿಸಿ, ಎಮಿಲನನ್ನು ಮೇಲೆ ಕಳಿಸಿ ಒಲೆಯ ಮೇಲೆ ಕುದಿಸಲು ಹೇಳಿದ. ಎಮಿಲ್ ನೋಡನೋಡುತ್ತಿದ್ದಂತೆ ನೀರು ಹಾಲಿನಂತೆ ನೊರೆಯೆದ್ದು ಉಕ್ಕಿ ಒಲೆಯನ್ನೆಲ್ಲ ಹೊಲಸು ಮಾಡಿತು. ಕೆಳಗೆ ಬಂದು ಹೇಳಿದಾಗ ಮುದುಕ ತಲೆಯಾಡಿಸಿದ.

“ಎಣ್ಣೆ. ಯಾರು ಪೈಪ್ ಮುಟ್ಟಿದ್ದು?”

“ಅಕ್ಟೋಬರ್‌ನಲ್ಲಿ ಬಚ್ಚಲಮನೆ ಹತ್ರ ಒಂದು ಪೈಪು ಸೋರ್ತಿತ್ತು. ಒಬ್ಬ ಬಂದು ಹೊಸದು ಹಾಕಿಕೊಟ್ಟ.”

“ನನ್ನ ಕರೀಬಾರದಿತ್ತಾ?”

ಎಮಿಲ್ ಕನ್ನಡಕ ತೆಗೆದು ಒರೆಸಿದ. ನುಂಜಿಯೊ ತಾನೇ ಮುಂದುವರಿಸಿದ: “ಹೋಗ್ಲಿ. ಪೈಪಿನ ತುದಿಗೆ ತಿರುಪು ಕೊರೆಯೋವಾಗ ಎಣ್ಣೆ ಹಾಕ್ತಾರೆ. ಅದನ್ನ ತೊಳೀದೇ ಜೋಡಿಸಿದಾನೆ. ಆ ಎಣ್ಣೆ ಬಂದು ನೀರಿನ ಮೇಲೆ ಕಂಬಳಿ ಹೊದ್ದಂಗೆ ಕೂತಿದೆ. ಹಬೆ ಏಳೋಕೆ ಒದ್ದಾಡುತ್ತೆ, ಏಳೋವಾಗ ನೀರನ್ನೂ ಎಳ್ಕೊಂಡು ಹೋಗುತ್ತೆ. ಆ ನೀರೇ ಪೈಪಲ್ಲಿ ತಲೆ ಚಚ್ಕೋತಿರೋದು. ಈಗ ಹಾಲಿನ ಮೇಲಿನ ಕೆನೆ ತೆಗೀತಾರಲ್ಲ, ಹಾಗೆ ಅದನ್ನ ಮೇಲಿಂದಲೇ ತೆಗೀಬೇಕು. ಅವಸರ ಪಟ್ರೆ ಆಗೋ ಕೆಲ್ಸ ಅಲ್ಲ.”

ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಾಯ್ಲರಿನ ಪಕ್ಕೆಯಲ್ಲೊಂದು ತೂತು. ಅದಕ್ಕೆ ಕಬ್ಬಿಣದ ಬಿರಡೆ. ಉರಿ ಆರಿಸಿ, ನುಂಜಿಯೊ ದೊಡ್ಡ ಸ್ಪ್ಯಾನರ್ ಹಾಕಿ ಎಳೆದ. ಬಿರಡೆ ಮಿಸುಕಲಿಲ್ಲ. ಮತ್ತೆ ಎಳೆದ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಅವನು ಕೈ ಬಿಟ್ಟು, ಏನೋ ಹುಡುಕುವವನಂತೆ ಚೀಲದ ಕಡೆ ತಿರುಗಿ ನಿಂತ. ಎಮಿಲ್ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪಿನ ತುಂಡೊಂದನ್ನು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಬಿರಡೆ ಕಿರ್ರೆಂದು ಕೂಗಿ ಸಡಿಲಾಯಿತು.

“ನಾನು ಸಡಿಲ ಮಾಡಿಟ್ಟಿದ್ದೆ,” ಎಂದ ನುಂಜಿಯೊ, ತಿರುಗದೆಯೇ. “ನೀನು ಬಿಚ್ಚಿದೆ ಅಷ್ಟೆ.”

“ಹೌದು ಮಾವ.”

ತೂತಿಗೆ ಗಿಡ್ಡ ಪೈಪು ಸಿಕ್ಕಿಸಿ ಕೆಳಗೆ ಬಕೆಟ್ಟಿಟ್ಟರು. ಬಾಯ್ಲರ್ ಬಿಸಿಯಾಗಿರಬೇಕು, ಕುದಿಯಬಾರದು. ನೀರಿನ ನಲ್ಲಿಯನ್ನು ಕೂದಲೆಳೆಯಷ್ಟೇ ತೆರೆದರು. ಒಳಗೆ ಮಟ್ಟ ಮೆಲ್ಲಗೆ ಏರಿ ತೂತಿನ ಅಂಚಿಗೆ ಬಂದಾಗ ಪೆನ್ಸಿಲಿನಷ್ಟು ಸಣ್ಣ ಧಾರೆಯೊಂದು ಬಕೆಟ್ಟಿಗೆ ಬೀಳತೊಡಗಿತು. ಅದರ ಮೇಲೆ ನವಿಲುಬಣ್ಣದ ಜಿಡ್ಡು ತೇಲುತ್ತಿತ್ತು.

“ಇನ್ನೇನು ಮಾಡ್ಬೇಕು?”

“ಕೂತ್ಕೋಬೇಕು.”

ಇಬ್ಬರೂ ಬಣ್ಣದ ಡಬ್ಬಗಳನ್ನು ಬೋರಲು ಹಾಕಿ ಕುಳಿತರು. ಬಕೆಟ್ ತುಂಬಿದಾಗ ಎಮಿಲ್ ಎದ್ದು ಚೆಲ್ಲಿ ಬರುವುದು, ಮತ್ತೆ ಕೂರುವುದು. ಮಧ್ಯಾಹ್ನವಾಗುತ್ತ ಬಂದಿತು. ಎಮಿಲ್ ಮೇಲಿನಿಂದ ಬ್ರೆಡ್ಡು, ಚೀಸು, ಸಲಾಮಿ ಮಾಂಸ ಹೆಚ್ಚಿ ತಂದ. ನುಂಜಿಯೊ ಒಂದು ತುತ್ತು ಕಚ್ಚಿ ಮುಖ ಕಿವಿಚಿದ. ಮತ್ತೊಂದು ತುತ್ತನ್ನು ಬಾಯಿಯ ಒಂದೇ ಪಕ್ಕದಲ್ಲಿ ಅಗಿದ.

ಎಮಿಲನ ಕಣ್ಣು ತಪ್ಪಲಿಲ್ಲ. “ಕೆಳಗಿನ ಸೆಟ್ಟು ಚುಚ್ತಾ ಇದೆ. ಎಷ್ಟು ದಿನದಿಂದ?”

“ಕ್ರಿಸ್ಮಸ್‌ನಿಂದ. ಬಿಡು ಅತ್ಲಾಗೆ.”

“ನಾನು ಕಟ್ಟಿದ ಹಲ್ಲು ಅದು. ಬಿಚ್ಚಿ ಕೊಡಿ ಇಲ್ಲಿ.”

“ಈಗ್ಲಾ? ಊಟ ಮಾಡ್ತಿರೋ ಮನುಷ್ಯನ ಬಾಯಿಂದ ಹಲ್ಲು ಕಿತ್ಕೋತೀಯೇನೋ?”

“ನೀವು ನನ್ನ ಬಾಯ್ಲರ್ ಹೊಟ್ಟೆ ಬಿಚ್ಚಿಲ್ವಾ? ಕೊಡಿ.”

ನುಂಜಿಯೊ ಬಯ್ಯುತ್ತ ಬಯ್ಯುತ್ತಲೇ ಎರಡೂ ಸೆಟ್ಟು ತೆಗೆದು ಕರವಸ್ತ್ರದಲ್ಲಿಟ್ಟು ಕೊಟ್ಟ. ಕೆನ್ನೆ ಒಳಕ್ಕೆ ಹೋಗಿ, ಆ ದೊಡ್ಡ ಮುಖ ಒಮ್ಮೆಲೇ ಮಗುವಿನ ಮುಷ್ಟಿಯಷ್ಟಾಯಿತು. ಎಮಿಲ್ ಮೇಲಿಂದ ತನ್ನ ಸಣ್ಣ ಅರಗಳ ಡಬ್ಬಿ ತಂದ. ಮುದುಕನ ದವಡೆಯ ಕೆಂಪಗಾದ ಜಾಗವನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ, ಡಬ್ಬದ ಮೇಲೆ ಕೂತು ಸೆಟ್ಟಿನ ಅಂಚನ್ನು ಉಜ್ಜತೊಡಗಿದ. ಅತ್ತ ನೀರಿನ ಸಣ್ಣ ಧಾರೆ, ಇತ್ತ ಅರದ ಸಣ್ಣ ಸದ್ದು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಇಬ್ಬರು ಕೂತು ಕೆಲಸ ಮಾಡುತ್ತಿದ್ದರು. ಈ ಎಣ್ಣೆ ಸಂಜೆಯವರೆಗೂ ಬರುತ್ತಿರಲಿ ಎಂದು ಎಮಿಲನಿಗೆ ಅನ್ನಿಸಿತು.

ಆಗ ನುಂಜಿಯೊ ಏನೋ ಹೇಳಿದ. ಹಲ್ಲಿಲ್ಲದ ಬಾಯಲ್ಲಿ ಅದು ಗಂಜಿಯಂತೆ ಹೊರಬಂತು.

“ಏನು ಮಾವಾ?”

“ರೊಹಾಲ್ಬಾ... ಮೇ ಹಿಂಗ್ಳಲ್ಲಿ... ಮಹುವೆ.”

“ಮೇ ತಿಂಗಳಲ್ಲಿ ಏನು?”

“ಮಹುವೆ! ಮಹುವೆ!”

ಎಮಿಲ್ ಇನ್ನೂ ಬಾಗಿ ಕಿವಿ ಕೊಟ್ಟ. ಮುದುಕ ರೇಗಿ ಅವನ ಕೈಯಿಂದ ಸೆಟ್ಟುಗಳನ್ನು ಕಿತ್ತು ಬಾಯಿಗೆ ಹಾಕಿಕೊಂಡು, ದವಡೆ ಒತ್ತಿ, ಸ್ಪಷ್ಟವಾಗಿ ಹೇಳಿದ: “ಮದುವೆ ಕಣೋ. ರೊಸಾಲ್ಬಾಗೆ ಮೇ ತಿಂಗಳಲ್ಲಿ ಮದುವೆ.”

ಎಮಿಲನ ಕೈಯಲ್ಲಿ ಅರ ಹಾಗೇ ಉಳಿಯಿತು. ಬಕೆಟ್ ತುಂಬಿ ಅಂಚಿನಿಂದ ಉಕ್ಕಿ ನೆಲದ ಮೇಲೆ ಹರಿಯತೊಡಗಿದಾಗಲೇ ಅವನು ಎದ್ದದ್ದು. ಚೆಲ್ಲಿ ಬಂದು ಕುಳಿತ.

“ಯಾರು?”

“ವಾರೆನ್ ಅಂತ. ನ್ಯೂ ಹಾರ್ಟ್‌ಫರ್ಡ್ ಕಡೆ ಹೊಸ ಮನೆ. ಒಳ್ಳೆಯವನೇ. ಆದ್ರೆ ಆ ಮನೇಲಿ ಬಾಯ್ಲರೂ ಇಲ್ಲ, ಎಂಥದೂ ಇಲ್ಲ. ನೆಲದ ತೂತಿಂದ ಬಿಸಿಗಾಳಿ ಊದುತ್ತೆ. ನನ್ನ ಮಗಳ್ನ ಗಾಳಿ ಊದೋ ಮನೆಗೆ ಕೊಡ್ತಿದೀನಿ ನೋಡು.” ತಮಾಷೆ ಮಾಡಲು ನೋಡಿದ. ಅದು ಹತ್ತಲಿಲ್ಲ. “ಬಾಯಿ ಬರೀದಾಗಿದ್ದಾಗ ಹೇಳೋದು ಸುಲಭ ಅಂದ್ಕೊಂಡೆ.”

“ಹಲ್ಲು ಈಗ ಹೇಗಿದೆ?” ಎಂದ ಎಮಿಲ್.

“ಚುಚ್ತಿಲ್ಲ.”

ಧಾರೆ ಬೀಳುತ್ತಲೇ ಇತ್ತು. ಜಿಡ್ಡಿನ ಬಣ್ಣ ತೆಳುವಾಗತೊಡಗಿತ್ತು. ಬಹಳ ಹೊತ್ತಿನ ಮೇಲೆ ಎಮಿಲ್, ಇಷ್ಟು ಕಾಲ ಯಾರನ್ನೂ ಕೇಳದಿದ್ದುದನ್ನು ಕೇಳಿದ: “ಅವಳು ನನ್ನ ಬಗ್ಗೆ ಏನು ಹೇಳಿದ್ಳು ಮಾವಾ?”

“ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು, ನಾನು ಬಂದು ನಿಂಗೆ ಎರಡು ಬಿಗಿದು ಸರಿ ಮಾಡ್ತಿದ್ದೆ.” ನುಂಜಿಯೊ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. “‘ಅಪ್ಪಾ, ಆ ಮನೇಲಿ ನಾನಾಡಿದ ಮಾತು ಗೋಡೆಗೆ ತಾಗಿ ನನಗೇ ವಾಪಸ್ ಬರುತ್ತೆ’ ಅಂದ್ಳು. ಅಷ್ಟೇ.”

“ನಾನು ಅವಳಿಗೆ ಒಂದು ಕೆಟ್ಟ ಮಾತು ಆಡಿಲ್ಲ.”

“ಅದೇ ಕಣೋ ನಾನು ಹೇಳ್ತಿರೋದೂ.”

ಎಮಿಲ್ ತನ್ನ ಬೂಟುಗಳನ್ನು ನೋಡುತ್ತ ಕೂತ. ಶನಿವಾರ ಬೆಳಿಗ್ಗೆ ರೊಸಾಲ್ಬಾ ಕೆಳಗಿನಿಂದ ಕೂಗುತ್ತಿದ್ದಳು: ಬಾ ಎಮಿಲ್, ಬಕೆಟ್ ಹಿಡ್ಕೋ ಬಾ. ಬಕೆಟ್ಟನ್ನು ನೆಲದ ಮೇಲಿಟ್ಟರೆ ಸಾಕಲ್ಲ, ಹಿಡಿಯುವುದೇನಿದೆ ಎಂದು ಅವನು ಮೇಲೆಯೇ ಪೇಪರು ಓದುತ್ತಿದ್ದ. ಅವಳು ಕರೆದದ್ದು ಬಕೆಟ್ಟಿಗಾಗಿ ಎಂದೇ ಅವನು ತಿಳಿದಿದ್ದ. ಯಾವುದೋ ಒಂದು ವರ್ಷ ಅವಳು ಕೂಗುವುದನ್ನೇ ಬಿಟ್ಟಳು. ಯಾವ ವರ್ಷ ಎಂದು ಈಗ ಎಷ್ಟು ನೆನೆದರೂ ಹೊಳೆಯಲಿಲ್ಲ.

ಹೊರಗೆ ಬೆಳಕು ಇಳಿಯುವ ಹೊತ್ತಿಗೆ ನೀರು ಗಾಜಿನಂತಾಯಿತು. ನುಂಜಿಯೊ ಒಂದು ಲೋಟದಲ್ಲಿ ಹಿಡಿದು ಬಲ್ಬಿಗೆ ಎತ್ತಿ ನೋಡಿದ. ಬಿರಡೆ ಹಾಕಿಸಿದ, ಮಟ್ಟವನ್ನು ಕೊಳವೆಯ ಅರ್ಧಕ್ಕೆ ಇಳಿಸಿದ, ಉರಿ ಹಚ್ಚಿಸಿದ. ಆಮೇಲೆ ಡಬ್ಬದ ಮೇಲೆ ಕೂತು ಕಣ್ಣು ಮುಚ್ಚಿಕೊಂಡ.

“ಈಗ ಶನಿವಾರದ ಕೆಲ್ಸ ನೀನು ಮಾಡು. ನಾನು ನೋಡಲ್ಲ. ಬಾಯಲ್ಲಿ ಹೇಳ್ತಾ ಮಾಡು.”

“ಹೇಳ್ತಾ ಯಾಕೆ?”

“ಹೇಳು ಅಂದ್ರೆ ಹೇಳು.”

ಎಮಿಲ್ ಗಂಟಲು ಸರಿಮಾಡಿಕೊಂಡ. “ಬಕೆಟ್ ಇಟ್ಟೆ. ವಾಲ್ವು ತಿರುಗಿಸಿದೆ. ನೀರು ಬರ್ತಿದೆ. ಸ್ವಲ್ಪ ಕೆಂಪಿದೆ... ಈಗ ತಿಳಿಯಾಯ್ತು. ಉರಿ ಆರ್ತು.”

“ನೀರು ಕಡಿಮೆ ಆಯ್ತು ಅಂತ ಅದು ತಾನಾಗೇ ಆರಬೇಕು. ಆರಲಿಲ್ಲ ಅಂದ್ರೆ?”

“ಸ್ವಿಚ್ ಆರಿಸಿ, ಯಾರನ್ನಾದ್ರೂ ಕರೀಬೇಕು.”

“ಯಾರನ್ನ?”

ಎಮಿಲ್ ವಾಲ್ವು ಮುಚ್ಚಿದ. “ನಿಮ್ಮನ್ನ.”

ನುಂಜಿಯೊ ಕಣ್ಣು ತೆರೆದ. “ಇಲ್ಲ.” ಎದ್ದು ಸಲಕರಣೆಗಳನ್ನು ಒಂದೊಂದೇ ಒರೆಸಿ ಚೀಲಕ್ಕೆ ಹಾಕತೊಡಗಿದ. “ಇನ್ನು ಮೇಲೆ ನನ್ನ ಕರೀಬೇಡ ಎಮಿಲ್. ಇವತ್ತು ಇಲ್ಲಿಗೆ ಬಂದಿದ್ದು ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಏನೂ ಅನ್ನಲ್ಲ, ಆದ್ರೆ ಮುಖ ಸಣ್ಣದಾಗುತ್ತೆ. ಅವಳು ನನ್ನ ಮಗಳು. ಹೊಸಬ ಒಬ್ಬ ಬರ್ತಿದಾನೆ, ಅವನ ಮನೆ ಊಟದ ಮೇಜಿನ ಮುಂದೆ ಕೂತು ನಾನು ನಿನ್ನ ನೆಲಮಾಳಿಗೆ ನೆನಪು ಮಾಡ್ಕೊಂಡಿರಬಾರದು.”

“ಹಲ್ಲು ಮತ್ತೆ ಚುಚ್ಚಿದ್ರೆ?”

“ಊರಲ್ಲಿ ಬೇರೆ ಹಲ್ಲಿನವರಿಲ್ವಾ?” ಎಂದವನು, ತನ್ನ ಮಾತು ತನಗೇ ಒರಟಾಗಿ ಕೇಳಿಸಿದ್ದಕ್ಕೋ ಏನೋ, ಎಮಿಲನ ಹೆಗಲ ಮೇಲೊಮ್ಮೆ ಕೈ ಹಾಕಿ ಗಟ್ಟಿಯಾಗಿ ಅದುಮಿದ. “ಕಲಿಸಿದೀನಲ್ಲ. ನೀನೇ ಮಾಡ್ಕೋತೀಯ.”

ಅವನ ಕಾರು ಹಿಮದ ಬೀದಿಯಲ್ಲಿ ತೆವಳಿ ತಿರುವಿನಲ್ಲಿ ಮರೆಯಾಗುವವರೆಗೂ ಎಮಿಲ್ ಹಿತ್ತಲ ಬಾಗಿಲಿನಲ್ಲಿ ನಿಂತಿದ್ದ. ಒಳಗೆ ಬಂದಾಗ ಪೈಪುಗಳಲ್ಲಿ ಒಂದು ಸದ್ದಿಲ್ಲ. ರೇಡಿಯೇಟರುಗಳು ಮೆಲ್ಲಗೆ ಉಸಿರು ಬಿಟ್ಟು ಬೆಚ್ಚಗಾದವು. ಮನೆ ಎಷ್ಟು ಬೆಚ್ಚಗಾಯಿತೆಂದರೆ ಅವನು ಕೋಟು ತೆಗೆದ, ಆಮೇಲೆ ಸ್ವೆಟರನ್ನೂ ತೆಗೆದ, ಯಾವ ಕೋಣೆಯಲ್ಲಿ ಕೂರುವುದೆಂದು ತೋಚದೆ ಒಂದೊಂದು ಕೋಣೆಗೂ ಹೋಗಿ ನಿಂತು ಬಂದ. ಆ ಬಡಿತವಾದರೂ ಇದ್ದಿದ್ದರೆ ಎಂದುಕೊಂಡ.

ಅಂದಿನಿಂದ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಕೆಳಗಿಳಿಯುವನು, ಬಕೆಟ್ಟಿಡುವನು, ಮುದುಕ ಕಲಿಸಿದಂತೆ ಬಾಯಲ್ಲಿ ಹೇಳುತ್ತಲೇ ವಾಲ್ವು ತಿರುಗಿಸುವನು. ನೀರು ಬರ್ತಿದೆ. ತಿಳಿಯಾಯ್ತು. ಉರಿ ಆರ್ತು. ವಾರದಲ್ಲಿ ಆ ಮನೆಯೊಳಗೆ ಗಟ್ಟಿಯಾಗಿ ಕೇಳುತ್ತಿದ್ದ ಮಾತು ಅಷ್ಟೇ.

ಮೇ ತಿಂಗಳು ಬಂತು. ಮದುವೆ ಯಾವ ದಿನವೆಂದು ಅವನು ಕೇಳಿರಲಿಲ್ಲ. ಶನಿವಾರವೇ ಇರಬೇಕೆಂದು ಊಹಿಸಿ, ಅವತ್ತು ಇಗರ್ಜಿಯ ಗಂಟೆ ಕಿವಿಗೆ ಬೀಳಬಾರದೆಂದು ಬೆಳಿಗ್ಗೆಯೇ ವಾಲ್ವಿನ ಕೆಲಸ ಮುಗಿಸಿ, ಊರು ಬಿಟ್ಟು ಉತ್ತರದ ಬೆಟ್ಟಗಳ ಕಡೆ ಕಾರು ಓಡಿಸಿಕೊಂಡು ಹೋದ. ಯಾವ ಶನಿವಾರವೆಂದು ತಿಳಿಯದ್ದರಿಂದ ಆ ತಿಂಗಳ ಶನಿವಾರಗಳಲ್ಲೆಲ್ಲ ಹೋದ. ಕೆರೆಯೊಂದರ ದಡದಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಬಾತುಕೋಳಿಗಳನ್ನು ನೋಡಿ ಸಂಜೆಗೆ ಬಂದ.

ನುಂಜಿಯೊನನ್ನು ಅವನು ಮತ್ತೆ ಕಂಡದ್ದು ಅಕ್ಟೋಬರಿನಲ್ಲಿ, ಬ್ಲೀಕರ್ ಬೀದಿಯ ಬೇಕರಿಯ ಸರದಿಯಲ್ಲಿ. ಮುದುಕ ಕೋಲು ಹಿಡಿದಿದ್ದ. ಪಕ್ಕದಲ್ಲಿ ಎತ್ತರದ, ನಗುಮುಖದ ಗಂಡಸೊಬ್ಬ ಅವನ ಮೊಣಕೈ ಹಿಡಿದು ನಿಂತಿದ್ದ. ತಪ್ಪಿಸಿಕೊಳ್ಳಲು ಎಮಿಲನಿಗೆ ಜಾಗವಿರಲಿಲ್ಲ. ಸರದಿ ಅವರನ್ನು ಎದುರುಬದುರು ತಂದು ನಿಲ್ಲಿಸಿತು.

ನುಂಜಿಯೊನ ಬಾಯಿ ತೆರೆಯಿತು, ಮುಚ್ಚಿತು. ಏನೆಂದು ಪರಿಚಯ ಮಾಡಿಸಬೇಕೆಂದು ಹುಡುಕುತ್ತಿದ್ದಾನೆಂದು ಎಮಿಲನಿಗೆ ಗೊತ್ತಾಯಿತು.

“ವಾರೆನ್, ಇವನು ಎಮಿಲ್,” ಎಂದ ಕೊನೆಗೆ. “ಇವನ ಮನೆ ಬಾಯ್ಲರ್ ನಾನು ಕೂರಿಸಿದ್ದು.”

ವಾರೆನನಿಗೆ ಅರ್ಥವಾಯಿತೋ ಇಲ್ಲವೋ, ಕೈ ಮುಂದೆ ಚಾಚಿದ. ಎಮಿಲ್ ಕುಲುಕಿದ. ಬೆಚ್ಚನೆಯ, ಒಳ್ಳೆಯ ಕೈ.

“ನೀರು ಹೇಗಿದೆ?” ಎಂದು ಕೇಳಿದ ನುಂಜಿಯೊ.

“ತಿಳಿಯಾಗಿದೆ.”

“ಹೂಂ. ಚಳಿ ಬರ್ತಿದೆ. ನೋಡ್ಕೋ.”

ಅವರು ತಮ್ಮ ಪೊಟ್ಟಣ ತೆಗೆದುಕೊಂಡು ಹೊರಟರು. ಗಲ್ಲಾದ ಹುಡುಗಿ ಎಮಿಲನನ್ನು, ಪಿಜ್ಜಾದಂಥ ಟೊಮೆಟೊ ಪೈ ಅರ್ಧವೋ ಪೂರ್ತಿಯೋ ಎಂದು ಕೇಳಿದಾಗ ಅವನು ಬಾಗಿಲಿನ ಕಡೆ ನೋಡುತ್ತ ಪೂರ್ತಿ ಎಂದುಬಿಟ್ಟ. ಅಗಲವಾದ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಬಂದ. ಹತ್ತು ಹನ್ನೆರಡು ಜನರ ಮನೆಯಲ್ಲಿ ಹಬ್ಬಕ್ಕೆ ತರುವಷ್ಟು ದೊಡ್ಡದು. ಅಡುಗೆಮನೆಯ ಮೇಜಿನ ಮೇಲಿಟ್ಟು, ಒಂದು ತುಂಡು ಕೊಯ್ದು ತಿಂದ. ಉಳಿದದ್ದನ್ನು ಮುಂದಿನ ವಾರದ ನಡುವಿನವರೆಗೂ, ದಿನಾ ಸಂಜೆ, ತಣ್ಣಗೇ ತಿಂದ.